ಏಜೆಂಟ್‌ಗೆ ಕೊಡುವ ಟೂಲ್ ವಿವರಣೆ ಸರಿಯಾಗಿದೆಯಾ? ಪರೀಕ್ಷಿಸುವ ಐದು ದಾರಿಗಳ ಹೋಲಿಕೆ

ಎಐ ಏಜೆಂಟ್ ಅಂದರೆ ಒಂದು ಭಾಷಾ ಮಾಡೆಲ್‌ನ ಬಲದಿಂದ ಬಳಕೆದಾರರ ಪರವಾಗಿ ಕೆಲಸ ಮಾಡುವ ಪ್ರೋಗ್ರಾಂ. ಟೂಲ್ ಅಂದರೆ ಆ ಕೆಲಸಕ್ಕಾಗಿ ಅದು ಕರೆಯಬಹುದಾದ ಕೋಡ್. ಏಜೆಂಟ್ ಒಂದು ಟೂಲ್ ಬಳಸುವಾಗ ಟೂಲ್‌ನ ಒಳಗಿನ ಕೋಡ್ ಏಜೆಂಟ್‌ಗೆ ಕಾಣುವುದಿಲ್ಲ. ಕಾಣುವುದು ಮೂರೇ: ಟೂಲ್‌ನ ಹೆಸರು, ಅದರ ವಿವರಣೆ, ಯಾವ ಯಾವ ಪ್ಯಾರಾಮೀಟರ್, ಅಂದರೆ ಟೂಲ್‌ಗೆ ಬೇಕಾದ ಮಾಹಿತಿ, ಕೊಡಬೇಕು ಎಂದು ತಿಳಿಸುವ ಸ್ಕೀಮಾ. ಇಷ್ಟನ್ನು ಓದಿಯೇ ಮಾಡೆಲ್ ತೀರ್ಮಾನಕ್ಕೆ ಬರಬೇಕು. ಈ ಟೂಲ್ ಕರೆಯಬೇಕಾ, ಪಕ್ಕದ್ದನ್ನು ಕರೆಯಬೇಕಾ, ಅಥವಾ ಯಾವುದನ್ನೂ ಕರೆಯದೆ ಬಳಕೆದಾರರನ್ನೇ ಇನ್ನೊಂದು ಮಾತು ಕೇಳಬೇಕಾ?

2023ರ ಜೂನ್‌ನಲ್ಲಿ ಓಪನ್‌ಎಐ ತನ್ನ ಎಪಿಐಗೆ ಫಂಕ್ಷನ್ ಕಾಲಿಂಗ್ ಸೇರಿಸಿತು, ಅಂದರೆ ಮಾಡೆಲ್ ಹೀಗೆ ಟೂಲ್ ಕರೆಯುವ ಸೌಲಭ್ಯ. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಸಂಸ್ಥೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಬಿಡುಗಡೆ ಮಾಡಿತು. ಎಲ್ಲರೂ ಅದನ್ನು ಎಂಸಿಪಿ ಅನ್ನುತ್ತಾರೆ. ಯಾವ ಏಜೆಂಟ್‌ಗಾದರೂ ಟೂಲ್ ಜೋಡಿಸಲು ಇರುವ ಒಂದು ಸಾಮಾನ್ಯ ವಿಧಾನ ಅದು. ಅಲ್ಲಿಂದ ಮುಂದೆ ಒಬ್ಬರು ಬರೆದ ಟೂಲನ್ನು ಅವರು ಕಂಡೇ ಇರದ ಇನ್ಯಾರದೋ ಏಜೆಂಟ್ ಬಳಸುವುದು ಸಾಮಾನ್ಯವಾಯಿತು. ಟೂಲ್ ಬರೆದವರು ತಮ್ಮ ಮನಸ್ಸಿನಲ್ಲಿದ್ದದ್ದನ್ನು ಮಾಡೆಲ್‌ಗೆ ಹೇಳಲು ಇರುವ ಜಾಗ ಆ ನಾಲ್ಕು ಸಾಲಿನ ವಿವರಣೆ. ಆದರೂ ಎಷ್ಟೋ ತಂಡಗಳಲ್ಲಿ ಕೋಡ್‌ಗೆ ನೂರಾರು ಟೆಸ್ಟ್ ಇರುತ್ತವೆ, ವಿವರಣೆಗೆ ಒಂದೂ ಇರುವುದಿಲ್ಲ.

ವಿವರಣೆಯನ್ನು ಪರೀಕ್ಷಿಸಲು ಈಗ ಬಳಕೆಯಲ್ಲಿರುವ ದಾರಿಗಳು ಐದು. ಮನುಷ್ಯರು ಓದಿ ನೋಡುವುದು, ಲಿಂಟರ್ (ಬರಹದ ನಿಯಮ ತಪ್ಪುಗಳನ್ನು ತಾನಾಗಿ ಹುಡುಕುವ ಪ್ರೋಗ್ರಾಂ) ಓಡಿಸುವುದು, ಇನ್ನೊಂದು ಮಾಡೆಲ್‌ನಿಂದ ಅಂಕ ಹಾಕಿಸುವುದು, ಸರಿಯಾದ ಟೂಲ್ ಆರಿಸುತ್ತದಾ ಎಂದು ಟೆಸ್ಟ್ ಮಾಡುವುದು, ಇಡೀ ಕೆಲಸ ಮಾಡಿಸಿ ಕೊನೆಗೆ ಏನಾಯಿತು ಎಂದು ನೋಡುವುದು. ಖರ್ಚು, ಸಮಯ, ಹಿಡಿಯುವ ತಪ್ಪು, ಎಲ್ಲದರಲ್ಲೂ ಇವು ಬೇರೆ ಬೇರೆ. ಐದನ್ನೂ ಮಾಡುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ, ಅಲ್ವಾ? ಹಾಗಾಗಿ ನಿಮಗೆ ಯಾವ ತಪ್ಪು ದುಬಾರಿ ಎಂದು ಮೊದಲು ನೋಡಿಕೊಳ್ಳಿ. ಅದನ್ನು ಹಿಡಿಯುವ ದಾರಿಯನ್ನು ಆರಿಸಿ.

ಯಾವ ತಪ್ಪನ್ನು ಹಿಡಿಯಬೇಕು?

ಆನ್‌ಲೈನ್ ಮಾರಾಟದಲ್ಲಿ ಗ್ರಾಹಕರಿಗೆ ನೆರವಾಗುವ ಒಂದು ಏಜೆಂಟ್ ಇದೆ ಅಂದುಕೊಳ್ಳಿ. ಅದರ ಬಳಿ ನಾಲ್ಕು ಟೂಲ್: ‘ಆರ್ಡರ್ ಹುಡುಕು’, ‘ಆರ್ಡರ್ ನೋಡು’, ‘ಆರ್ಡರ್ ರದ್ದು ಮಾಡು’, ‘ವಾಪಸಾತಿ ಶುರು ಮಾಡು’. ಗ್ರಾಹಕರು ಬರೆಯುತ್ತಾರೆ: ‘ನನಗೆ ಆ ಶೂ ಬೇಡ.’ ಶೂ ಇನ್ನೂ ಗೋದಾಮಿನಲ್ಲಿದ್ದರೆ ಆರ್ಡರ್ ರದ್ದು ಮಾಡಬೇಕು. ಮನೆಗೆ ತಲುಪಿದ್ದರೆ ವಾಪಸಾತಿ ಶುರು ಮಾಡಬೇಕು. ಯಾವುದು ಎಂದು ತಿಳಿಯಲು ಮೊದಲು ಆರ್ಡರ್ ಹುಡುಕಿ ಅದರ ಸ್ಥಿತಿ ನೋಡಬೇಕು. ರದ್ದು ಮಾಡುವ ಟೂಲ್‌ನ ವಿವರಣೆಯಲ್ಲಿ ಬರೀ ‘ಆರ್ಡರ್ ರದ್ದು ಮಾಡುತ್ತದೆ’ ಎಂದಿದ್ದರೆ ಮಾಡೆಲ್‌ಗೆ ಇದೆಲ್ಲ ಗೊತ್ತಾಗುವುದು ಹೇಗೆ?

ಇಲ್ಲಿ ಆಗಬಹುದಾದ ತಪ್ಪುಗಳು ಒಂದೇ ಬಗೆಯವಲ್ಲ. ವಾಪಸಾತಿಯ ಬದಲು ರದ್ದು ಕರೆಯಬಹುದು. ಟೂಲ್ ಸರಿಯಾಗಿದ್ದರೂ ಆರ್ಡರ್ ನಂಬರ್ ಹಾಕಬೇಕಾದಲ್ಲಿ ಗ್ರಾಹಕರ ನಂಬರ್ ಹಾಕಬಹುದು. ಇಲ್ಲದ ಆರ್ಡರ್ ನಂಬರನ್ನು ತಾನೇ ಕಟ್ಟಿಕೊಳ್ಳಬಹುದು. ಗ್ರಾಹಕರು ಸುಮ್ನೆ ‘ವಾಪಸಾತಿ ನಿಯಮ ಏನು?’ ಎಂದು ಕೇಳಿದರೆ ವಾಪಸಾತಿಯನ್ನೇ ಶುರು ಮಾಡಿಬಿಡಬಹುದು. ಟೂಲ್ ಕರೆಯಬೇಕಾದಾಗ ಕರೆಯದೆ ತನ್ನ ಊಹೆಯಿಂದ ಉತ್ತರ ಕೊಡಬಹುದು. ಎಲ್ಲ ಸರಿಯಾಗಿ ಕರೆದು, ವಾಪಸ್ ಬಂದ ಉತ್ತರವನ್ನು ತಪ್ಪಾಗಿ ಓದಬಹುದು.

ಈ ಪಟ್ಟಿಯನ್ನು ನಿಮ್ಮ ಟೂಲ್‌ಗಳಿಗೆ ಬರೆದುಕೊಳ್ಳಿ. ಪ್ರತಿಯೊಂದರ ಎದುರು ಅದು ಆದರೆ ಏನು ನಷ್ಟ ಎಂದು ಹಾಕಿ. ಬರೀ ಮಾಹಿತಿ ಓದುವ ಟೂಲ್ ತಪ್ಪಾಗಿ ಕರೆದರೆ ಒಂದೆರಡು ಸೆಕೆಂಡು ದಂಡ. ಹಣ ವರ್ಗಾಯಿಸುವ ಟೂಲ್ ತಪ್ಪಾಗಿ ಕರೆದರೆ ಕಥೆಯೇ ಬೇರೆ. ಎರಡಕ್ಕೂ ಒಂದೇ ಬಗೆಯ ಪರೀಕ್ಷೆ ಮಾಡುವುದರಲ್ಲಿ ಅರ್ಥವಿಲ್ಲ.

ಮನುಷ್ಯರು ಓದಿ ನೋಡುವುದು

ಇದು ಎಲ್ಲಕ್ಕಿಂತ ಅಗ್ಗ. ಟೂಲ್ ಬರೆದವರ ಬದಲು ಆ ಕೋಡ್ ನೋಡಿರದ ಒಬ್ಬರ ಕೈಗೆ ವಿವರಣೆ ಮತ್ತು ಸ್ಕೀಮಾ ಕೊಡಿ. ಬೇರೇನೂ ಕೊಡಬೇಡಿ. ಇದನ್ನು ಯಾವಾಗ ಬಳಸುತ್ತೀರಿ, ಯಾವಾಗ ಬಳಸುವುದಿಲ್ಲ, ಪ್ರತಿ ಪ್ಯಾರಾಮೀಟರ್‌ಗೂ ಏನು ತುಂಬುತ್ತೀರಿ ಎಂದು ಕೇಳಿ. ಓಪನ್‌ಎಐನ ಫಂಕ್ಷನ್ ಕಾಲಿಂಗ್ ಮಾರ್ಗದರ್ಶಿಯಲ್ಲೂ ಇದೇ ಸಲಹೆ ಇದೆ. ಮಾಡೆಲ್‌ಗೆ ಕೊಟ್ಟಷ್ಟೇ ಮಾಹಿತಿ ಕೊಟ್ಟರೆ ಹೊಸದಾಗಿ ಬಂದ ಒಬ್ಬ ಇಂಟರ್ನ್ ಆ ಫಂಕ್ಷನ್ ಸರಿಯಾಗಿ ಬಳಸಬಲ್ಲರಾ ಎಂದು ಅದು ಕೇಳುತ್ತದೆ. ಅವರು ಕೇಳುವ ಪ್ರಶ್ನೆಗಳ ಉತ್ತರವನ್ನು ವಿವರಣೆಗೆ ಸೇರಿಸಿ ಎನ್ನುತ್ತದೆ.

ಈ ದಾರಿಯಲ್ಲಿ ಬೇಗ ಸಿಗುವುದು ಬಿಟ್ಟುಹೋದ ಸಂಗತಿಗಳು. ದಿನಾಂಕ ಯಾವ ರೂಪದಲ್ಲಿ? ಸಮಯ ಯಾವ ವಲಯದ್ದು? ಮೊತ್ತ ರೂಪಾಯಿಯಲ್ಲಾ ಪೈಸೆಯಲ್ಲಾ? ‘ಮಿತಿ’ ಅನ್ನುವ ಪ್ಯಾರಾಮೀಟರ್ ಕೊಡದಿದ್ದರೆ ಎಷ್ಟು ಫಲಿತಾಂಶ ಬರುತ್ತವೆ? ಬರೆದವರಿಗೆ ಇವೆಲ್ಲ ಎಷ್ಟು ಗೊತ್ತಿರುತ್ತವೆ ಎಂದರೆ ಬರೆಯಬೇಕು ಅಂತಲೇ ಹೊಳೆಯುವುದಿಲ್ಲ.

ಒಂದು ಕೊರತೆ ಮಾತ್ರ ದೊಡ್ಡದು. ಮನುಷ್ಯರು ಒಂದು ಟೂಲ್ ಓದಿ, ಆಮೇಲೆ ಇನ್ನೊಂದನ್ನು ಓದುತ್ತಾರೆ. ಮಾಡೆಲ್ ಎದುರು ಎಲ್ಲ ಟೂಲ್‌ಗಳೂ ಒಟ್ಟಿಗೆ ಇರುತ್ತವೆ. ಒಂದೊಂದಾಗಿ ಓದಿದಾಗ ಚೆನ್ನಾಗಿರುವ ಎರಡು ವಿವರಣೆಗಳು ಪಕ್ಕಪಕ್ಕದಲ್ಲಿ ಇಟ್ಟಾಗ ಒಂದನ್ನೊಂದು ಗೊಂದಲ ಮಾಡಬಹುದು. ‘ಆರ್ಡರ್ ಹುಡುಕು’ ಮತ್ತು ‘ಆರ್ಡರ್ ನೋಡು’ ಹಾಗೆಯೇ. ಎರಡರ ವಿವರಣೆಯೂ ‘ಆರ್ಡರ್ ಮಾಹಿತಿ ಕೊಡುತ್ತದೆ’ ಎಂದಿದ್ದರೆ ಎರಡೂ ಸುಳ್ಳಲ್ಲ, ಎರಡೂ ಉಪಯೋಗಕ್ಕಿಲ್ಲ. ಆದ್ದರಿಂದ ಓದುವವರಿಗೆ ಇಡೀ ಪಟ್ಟಿಯನ್ನು ಒಟ್ಟಿಗೆ ಕೊಡಿ. ಒಂದು ಟೂಲ್‌ನ ವಿವರಣೆ ಪಕ್ಕದ ಟೂಲ್‌ನ ಹೆಸರು ಹೇಳಿ ಗಡಿ ಹಾಕಿದೆಯಾ ಎಂದು ನೋಡಲು ಹೇಳಿ.

ರದ್ದು ಮಾಡುವ ಟೂಲ್‌ಗೆ ನಾನಾದರೆ ಹೀಗೆ ಬರೆಯುತ್ತೇನೆ: ‘ಇನ್ನೂ ರವಾನೆಯಾಗದ ಆರ್ಡರನ್ನು ರದ್ದು ಮಾಡುತ್ತದೆ. ರವಾನೆಯಾಗಿದ್ದರೆ ಇದನ್ನು ಬಳಸಬೇಡಿ, ವಸ್ತು ತಲುಪಿದ ಮೇಲೆ ‘ವಾಪಸಾತಿ ಶುರು ಮಾಡು’ ಬಳಸಿ. ಸ್ಥಿತಿ ಗೊತ್ತಿಲ್ಲದಿದ್ದರೆ ಮೊದಲು ‘ಆರ್ಡರ್ ನೋಡು’ ಕರೆಯಿರಿ. ರದ್ದಾದ ಆರ್ಡರನ್ನು ಮತ್ತೆ ತರಲು ಆಗುವುದಿಲ್ಲ. ಗ್ರಾಹಕರು ಒಪ್ಪಿದ ಮೇಲೆ ಮಾತ್ರ ಕರೆಯಿರಿ.’ ಆಂಥ್ರೊಪಿಕ್‌ನ ದಾಖಲೆಗಳು ಒಂದು ಟೂಲ್‌ಗೆ ಕನಿಷ್ಠ 3-4 ವಾಕ್ಯದ ವಿವರಣೆ ಇರಲಿ ಎನ್ನುತ್ತವೆ. ಇದು ಆ ಅಳತೆಗೆ ಸರಿಹೋಗುತ್ತದೆ. ಆದರೆ ಅಳತೆಗಿಂತ ಮುಖ್ಯವಾದದ್ದು ಎರಡನೇ ವಾಕ್ಯ. ‘ಯಾವಾಗ ಬಳಸಬಾರದು’ ಎಂಬುದೇ ಹೆಚ್ಚಿನ ವಿವರಣೆಗಳಲ್ಲಿ ಕಾಣೆಯಾಗಿರುತ್ತದೆ.

ಲಿಂಟರ್

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವಿವರಣೆ ಖಾಲಿ ಇದೆಯಾ, ಪ್ರತಿ ಪ್ಯಾರಾಮೀಟರ್‌ಗೂ ಒಂದು ಸಾಲು ಇದೆಯಾ, ಗೊತ್ತಿರುವ ಕೆಲವೇ ಮೌಲ್ಯಗಳು ಬರುವ ಕಡೆ ಆ ಮೌಲ್ಯಗಳ ಪಟ್ಟಿ ಕೊಟ್ಟಿದ್ದೀರಾ, ಸ್ಕೀಮಾ ‘ಜೇಸನ್ ಸ್ಕೀಮಾ’ ಎಂಬ ಮಾನದಂಡದ ನಿಯಮಕ್ಕೆ ಒಪ್ಪುತ್ತದಾ, ಎರಡು ಟೂಲ್‌ಗೆ ಒಂದೇ ಹೆಸರಿದೆಯಾ, ಇಂಥದ್ದನ್ನೆಲ್ಲ ಯಂತ್ರವೇ ನೋಡಲಿ. ಎಪಿಐಗಳನ್ನು ವಿವರಿಸುವ ಓಪನ್‌ಎಪಿಐ ಕಡತಗಳಿಗೆ ಸ್ಪೆಕ್ಟ್ರಲ್ ಎಂಬ ಲಿಂಟರ್ ಇದೆ. ಅದಕ್ಕೆ ನಿಮ್ಮದೇ ನಿಯಮಗಳನ್ನೂ ಸೇರಿಸಬಹುದು. ಎಂಸಿಪಿ ಸರ್ವರ್ (ಎಂಸಿಪಿ ಮೂಲಕ ಟೂಲ್ ಒದಗಿಸುವ ಪ್ರೋಗ್ರಾಂ) ಆದರೆ ಎಂಸಿಪಿ ಇನ್‌ಸ್ಪೆಕ್ಟರ್ ತೆರೆದು, ಸರ್ವರ್ ನಿಜವಾಗಿ ಯಾವ ವಿವರಣೆ ಕಳಿಸುತ್ತಿದೆ ಎಂದು ನೋಡಬಹುದು. ಕೋಡ್‌ನಲ್ಲಿ ಬರೆದದ್ದೂ ಹೊರಗೆ ಹೋಗುವುದೂ ಬೇರೆಯಾಗಿರುವುದು ಅಪರೂಪವಲ್ಲ.

ಪ್ರತಿ ಬದಲಾವಣೆಗೂ ತಾನಾಗಿ ಓಡುವ ಹಾಗೆ ಲಿಂಟರ್ ಹಾಕಿ, ಮರೆತುಬಿಡಿ. ಅದು ಪಾಸ್ ಅಂದದ್ದರಿಂದ ವಿವರಣೆ ಅರ್ಥವಾಗುತ್ತದೆ ಎಂದು ಮಾತ್ರ ಅಂದುಕೊಳ್ಳಬೇಡಿ. ‘ಆರ್ಡರ್ ಐಡಿ: ಆರ್ಡರ್‌ನ ಐಡಿ’ ಎಂದು ಬರೆದರೂ ಲಿಂಟರ್‌ಗೆ ಸಮಾಧಾನವೇ.

ಇನ್ನೊಂದು ಮಾಡೆಲ್‌ನಿಂದ ಅಂಕ ಹಾಕಿಸುವುದು

ಇದರ ಕಡೆಗೇ ಎಲ್ಲರ ಕೈ ಬೇಗ ಹೋಗುತ್ತದೆ. ಒಂದು ದೊಡ್ಡ ಮಾಡೆಲ್‌ಗೆ ವಿವರಣೆ ಕೊಟ್ಟು, ಸ್ಪಷ್ಟತೆಗೆ ಎಷ್ಟು, ಪೂರ್ಣತೆಗೆ ಎಷ್ಟು ಎಂದು 10ರಲ್ಲಿ ಅಂಕ ಕೇಳುವುದು. ನೂರು ಟೂಲ್ ಇದ್ದರೂ ಕೆಲವೇ ನಿಮಿಷದ ಕೆಲಸ. ಕೊನೆಗೆ ಒಂದು ಸಂಖ್ಯೆ ಸಿಗುತ್ತದೆ, ಅದನ್ನು ವರದಿಯಲ್ಲಿ ಹಾಕಬಹುದು.

ನಾನು ಈ ಸಂಖ್ಯೆಯನ್ನು ನಂಬುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮಾಡೆಲ್‌ಗಳನ್ನು ತೀರ್ಪುಗಾರರಾಗಿ ಬಳಸುವುದರ ಬಗ್ಗೆ 2023ರಲ್ಲೇ ಒಂದು ಹೆಸರಾದ ಅಧ್ಯಯನ ಬಂತು. ಜನರ ಮತದಿಂದ ಮಾಡೆಲ್‌ಗಳನ್ನು ಹೋಲಿಸುವ ಚಾಟ್‌ಬಾಟ್ ಅರೀನಾ ಕಟ್ಟಿದ ತಂಡದ್ದು. ಓಪನ್‌ಎಐನ ಜಿಪಿಟಿ-4 ಮಾಡೆಲ್ ಕೊಡುವ ತೀರ್ಪು ಶೇ. 80ಕ್ಕೂ ಹೆಚ್ಚು ಸಲ ಮನುಷ್ಯರ ತೀರ್ಪಿನ ಜೊತೆ ಹೊಂದುತ್ತದೆ ಎಂದು ಅದು ತೋರಿಸಿತು. ಅದರ ಜೊತೆಗೇ ಮೂರು ಒಲವುಗಳನ್ನೂ ಗುರುತಿಸಿತು: ಮೊದಲು ಇಟ್ಟ ಉತ್ತರದ ಕಡೆಗೆ ಒಲವು, ಉದ್ದದ ಉತ್ತರದ ಕಡೆಗೆ ಒಲವು, ತನ್ನದೇ ಶೈಲಿಯ ಉತ್ತರದ ಕಡೆಗೆ ಒಲವು. ಆ ಅಧ್ಯಯನ ಚಾಟ್ ಉತ್ತರಗಳ ಬಗ್ಗೆ. ಟೂಲ್ ವಿವರಣೆಗೆ ಬಂದರೆ ಎರಡನೇ ಒಲವು ಹೆಚ್ಚು ತೊಂದರೆ ಕೊಡುತ್ತದೆ ಎಂಬುದು ನನ್ನ ಅನಿಸಿಕೆ. ವಿವರಣೆಯನ್ನು ಉದ್ದ ಮಾಡಿದರೆ ಅಂಕ ಏರುತ್ತದೆ. ಆದರೆ ಪ್ರತಿ ವಿವರಣೆಯೂ ಪ್ರತಿ ಕರೆಯಲ್ಲೂ ಮಾಡೆಲ್‌ನ ಕಾಂಟೆಕ್ಸ್ಟ್‌ಗೆ, ಅಂದರೆ ಅದು ಒಂದು ಸಲಕ್ಕೆ ಓದುವ ಪಠ್ಯಕ್ಕೆ, ಹೋಗಿ ಕೂರುತ್ತದೆ. ಆ ಪಠ್ಯವನ್ನು ಅಳೆಯುವುದು ಟೋಕನ್ ಎಂಬ ಸಣ್ಣ ತುಂಡುಗಳಲ್ಲಿ. ಒಂದು ಟೂಲ್‌ಗೆ 200 ಟೋಕನ್ ಎಂದರೆ 60 ಟೂಲ್‌ಗೆ 12,000 ಟೋಕನ್. ಬಳಕೆದಾರರು ‘ನಮಸ್ಕಾರ’ ಅನ್ನುವ ಮೊದಲೇ ಅಷ್ಟು ಖರ್ಚು.

ಇನ್ನೊಂದು ಕಾರಣ ಇನ್ನೂ ಗಟ್ಟಿ. ತೀರ್ಪು ಕೊಡುವ ಮಾಡೆಲ್‌ಗೂ ನಿಮ್ಮ ಕೋಡ್ ಕಾಣುವುದಿಲ್ಲ. ವಿವರಣೆ ತುಂಬ ಸ್ಪಷ್ಟವಾಗಿ ಸುಳ್ಳು ಹೇಳುತ್ತಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ‘30 ದಿನದ ಒಳಗಿನ ಆರ್ಡರ್ ಮಾತ್ರ’ ಎಂದು ವಿವರಣೆಯಲ್ಲಿದೆ, ಕೋಡ್‌ನಲ್ಲಿ ಅದು 15 ದಿನಕ್ಕೆ ಬದಲಾಗಿದೆ ಅಂದುಕೊಳ್ಳಿ. ಸ್ಪಷ್ಟತೆಗೆ ಪೂರ್ತಿ ಅಂಕ ಬರುತ್ತದೆ. ಏಜೆಂಟ್ ಮಾತ್ರ ಗ್ರಾಹಕರಿಗೆ ತಪ್ಪು ಮಾತು ಕೊಟ್ಟು ಕೂರುತ್ತದೆ.

ಹಾಗಂತ ಈ ದಾರಿ ಪೂರ್ತಿ ಬೇಡ ಅಂತಲ್ಲ. ಅಂಕ ಕೇಳುವುದನ್ನು ಬಿಟ್ಟು ಪ್ರಶ್ನೆ ಕೇಳಿ. ‘ಈ ಪಟ್ಟಿಯಲ್ಲಿ ಒಂದಕ್ಕೊಂದು ಗೊಂದಲವಾಗುವ ಜೋಡಿಗಳು ಯಾವುವು? ಎರಡೂ ಸರಿ ಅನ್ನಿಸುವ ಒಂದು ಬಳಕೆದಾರರ ಮಾತನ್ನು ಬರೆದು ತೋರಿಸಿ.’ ಹೀಗೆ ಕೇಳಿದರೆ ಒಳ್ಳೆಯ ಕೆಲಸ ಮಾಡುತ್ತದೆ. ಆ ಮಾತುಗಳು ಮುಂದಿನ ಟೆಸ್ಟ್‌ಗೆ ಕಚ್ಚಾ ಸಾಮಗ್ರಿ. ಕೋಡನ್ನೂ ವಿವರಣೆಯನ್ನೂ ಒಟ್ಟಿಗೆ ಕೊಟ್ಟು ಎಲ್ಲಿ ಹೊಂದಿಕೆ ತಪ್ಪಿದೆ ಎಂದು ಕೇಳುವುದೂ ಉಪಯೋಗಕ್ಕೆ ಬರುತ್ತದೆ.

ಆಯ್ಕೆಯ ಟೆಸ್ಟ್

ಒಂದೇ ದಾರಿಗೆ ಸಮಯ ಇದೆ ಎಂದರೆ ನಾನು ಇದನ್ನೇ ಆರಿಸುತ್ತೇನೆ.

ಮಾಡುವುದು ಸರಳ. ಬಳಕೆದಾರರ ಮಾತುಗಳ ಒಂದು ಪಟ್ಟಿ ಮಾಡಿ. ಪ್ರತಿಯೊಂದರ ಎದುರು ಯಾವ ಟೂಲ್ ಕರೆಯಬೇಕು, ಯಾವ ಪ್ಯಾರಾಮೀಟರ್‌ಗೆ ಏನಿರಬೇಕು ಎಂದು ಬರೆಯಿರಿ. ಎಲ್ಲ ಟೂಲ್‌ಗಳನ್ನೂ ಜೊತೆಗಿಟ್ಟು ಮಾಡೆಲ್‌ಗೆ ಕೊಡಿ. ಟೂಲನ್ನು ನಿಜವಾಗಿ ಓಡಿಸುವ ಅಗತ್ಯ ಇಲ್ಲ. ಮಾಡೆಲ್ ಯಾವುದನ್ನು ಕರೆಯಲು ಹೊರಟಿತು ಎಂದು ನೋಡಿದರೆ ಸಾಕು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ನಡೆಸುವ ಫಂಕ್ಷನ್ ಕಾಲಿಂಗ್ ಲೀಡರ್‌ಬೋರ್ಡ್ (ಮಾಡೆಲ್‌ಗಳ ಅಂಕಪಟ್ಟಿ) ಕೂಡ ಒಂದು ಭಾಗದಲ್ಲಿ ಇದನ್ನೇ ಮಾಡುತ್ತದೆ. ಕರೆಯ ರಚನೆಯನ್ನು ಬಿಡಿಸಿ, ಫಂಕ್ಷನ್ ಹೆಸರು ಮತ್ತು ಪ್ಯಾರಾಮೀಟರ್‌ಗಳನ್ನು ಉತ್ತರದ ಜೊತೆ ಹೋಲಿಸುತ್ತದೆ. ಯಾವ ಫಂಕ್ಷನ್ನೂ ಹೊಂದದ ಪ್ರಶ್ನೆಗಳನ್ನೂ ಸೇರಿಸಿ, ಮಾಡೆಲ್ ಸುಮ್ಮನಿರುತ್ತದಾ ಎಂದು ನೋಡುತ್ತದೆ.

ಆ ಕೊನೆಯ ಬಗೆ ತುಂಬ ಮುಖ್ಯ. ನಿಮ್ಮ ಪಟ್ಟಿಯಲ್ಲಿ ‘ಯಾವ ಟೂಲೂ ಬೇಡ’ ಎಂಬ ಉತ್ತರದ ಮಾತುಗಳು ಕಾಲು ಭಾಗವಾದರೂ ಇರಲಿ. ‘ಮೊದಲು ಬಳಕೆದಾರರನ್ನು ಕೇಳಬೇಕು’ ಎಂಬ ಉತ್ತರದವೂ ಇರಲಿ. ಇವಿಲ್ಲದ ಟೆಸ್ಟ್‌ನಲ್ಲಿ ಒಂದು ಅಪಾಯ ಇದೆ. ವಿವರಣೆಯನ್ನು ಹಿಗ್ಗಿಸಿ, ಎಲ್ಲ ಸಂದರ್ಭಕ್ಕೂ ಹೊಂದುವ ಹಾಗೆ ಬರೆದರೆ ಅಂಕ ಏರುತ್ತಲೇ ಹೋಗುತ್ತದೆ. ಕರೆಯಬಾರದ ಕಡೆ ಕರೆಯುವ ತಪ್ಪು ಲೆಕ್ಕಕ್ಕೆ ಬರುವುದೇ ಇಲ್ಲ.

ಮಾತುಗಳನ್ನು ಎಲ್ಲಿಂದ ತರುವುದು? ಇಲ್ಲೇ ಹೆಚ್ಚಿನ ಟೆಸ್ಟ್‌ಗಳು ಹಾಳಾಗುವುದು. ಮಾಡೆಲ್‌ಗೆ ಟೂಲ್ ವಿವರಣೆ ತೋರಿಸಿ ‘ಇದಕ್ಕೆ ಹೊಂದುವ 20 ಮಾತು ಬರೆದುಕೊಡು’ ಎಂದರೆ, ಅದು ವಿವರಣೆಯಲ್ಲಿರುವ ಪದಗಳನ್ನೇ ತಿರುಗಿಸಿ ಬರೆಯುತ್ತದೆ. ಆಮೇಲೆ ಆ ಪದಗಳನ್ನು ವಿವರಣೆಯ ಜೊತೆ ಹೊಂದಿಸುವುದು ಯಾವ ಮಾಡೆಲ್‌ಗೂ ಸುಲಭ. ಶೇ. 98 ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ನಿಜವಾದ ಬಳಕೆದಾರರು ‘ವಾಪಸಾತಿ ಪ್ರಕ್ರಿಯೆ ಆರಂಭಿಸಿ’ ಅನ್ನುವುದಿಲ್ಲ. ‘ಸೈಜ್ ಸರಿಯಾಗಲಿಲ್ಲ, ಏನು ಮಾಡಲಿ?’ ಅನ್ನುತ್ತಾರೆ. ಹಾಗಾಗಿ ಮೊದಲ ಆಯ್ಕೆ ನಿಜವಾದ ಲಾಗ್‌ಗಳು (ಬಳಕೆದಾರರ ಮಾತಿನ ದಾಖಲೆಗಳು), ಹೆಸರು ಮತ್ತು ಗುರುತು ತೆಗೆದು. ಲಾಗ್ ಇನ್ನೂ ಇಲ್ಲದಿದ್ದರೆ ವಿವರಣೆ ನೋಡದ ಜನರಿಗೆ ಸಂದರ್ಭ ಮಾತ್ರ ಹೇಳಿ, ಅವರ ಮಾತಿನಲ್ಲೇ ಬರೆಸಿ. ಬಳಕೆದಾರರು ಎರಡು ಭಾಷೆ ಬೆರೆಸಿ ಬರೆಯುವವರಾದರೆ ಟೆಸ್ಟ್‌ನ ಮಾತುಗಳೂ ಹಾಗೇ ಇರಲಿ.

ಎಷ್ಟು ಮಾತು ಬೇಕು? 20 ಸಾಲದು. 20ರಲ್ಲಿ 16 ಸರಿಯಾಗುವುದಕ್ಕೂ 18 ಸರಿಯಾಗುವುದಕ್ಕೂ ಇರುವ ವ್ಯತ್ಯಾಸ ಬರೀ ಅದೃಷ್ಟದ್ದೂ ಆಗಿರಬಹುದು. 50 ಮಾತಿನಲ್ಲಿ ಶೇ. 80 ಬಂದರೆ ಶೇ. 95ರ ಭರವಸೆಯಲ್ಲಿ ಅದರ ಅರ್ಥ ಸುಮಾರು 69ರಿಂದ 91ರ ನಡುವೆ ಎಲ್ಲೋ ಒಂದು ಕಡೆ ಅಂತ. 200 ಮಾತಿಗೆ ಹೋದರೆ ಆ ಅಂತರ 5-6 ಅಂಕದಷ್ಟು ಆಚೀಚೆಗೆ ಇಳಿಯುತ್ತದೆ. ವಿವರಣೆಯ ಒಂದು ಪದ ಬದಲಿಸಿ ‘ಎರಡು ಅಂಕ ಸುಧಾರಿಸಿತು’ ಎಂದು ಖುಷಿ ಪಡುವ ಮೊದಲು ಈ ಲೆಕ್ಕ ನೆನಪಿರಲಿ. ಅದೇ ಮಾತುಗಳನ್ನು ಹಳೆಯ ಮತ್ತು ಹೊಸ ವಿವರಣೆ ಎರಡಕ್ಕೂ ಕೊಟ್ಟು, ಯಾವ ಯಾವ ಮಾತಿನ ಫಲ ಬದಲಾಯಿತು ಎಂದು ಒಂದೊಂದಾಗಿ ನೋಡುವುದು ಒಟ್ಟು ಅಂಕ ಹೋಲಿಸುವುದಕ್ಕಿಂತ ಚೆನ್ನಾಗಿ ಕಲಿಸುತ್ತದೆ.

ಪಟ್ಟಿಯನ್ನು ಎರಡು ಭಾಗ ಮಾಡುವುದನ್ನೂ ಮರೆಯಬೇಡಿ. ಒಂದು ಭಾಗ ನೋಡಿಕೊಂಡು ವಿವರಣೆ ತಿದ್ದಿ. ಇನ್ನೊಂದನ್ನು ಮುಟ್ಟದೆ ಇಟ್ಟು ಕೊನೆಯಲ್ಲಿ ಮಾತ್ರ ಓಡಿಸಿ. ಇಲ್ಲದಿದ್ದರೆ ವಿವರಣೆ ಟೆಸ್ಟ್‌ಗೆ ಹೊಂದುತ್ತದೆ, ಬಳಕೆದಾರರಿಗೆ ಹೊಂದುವುದಿಲ್ಲ.

ಈ ಟೆಸ್ಟ್‌ನ ನಿಜವಾದ ಫಲ ಒಂದು ಕೋಷ್ಟಕ: ಯಾವ ಟೂಲ್ ಬೇಕಿದ್ದಾಗ ಯಾವುದನ್ನು ಕರೆಯಿತು ಎಂಬುದು. ಒಟ್ಟು ಅಂಕ ಶೇ. 88 ಎಂದರೆ ಏನು ತಿದ್ದಬೇಕು ಎಂದು ಗೊತ್ತಾಗುವುದಿಲ್ಲ. ‘ಆರ್ಡರ್ ನೋಡು ಬೇಕಿದ್ದ ಮಾತುಗಳಲ್ಲಿ ಮೂರನೇ ಒಂದು ಭಾಗ ಆರ್ಡರ್ ಹುಡುಕುಗೆ ಹೋಗಿವೆ’ ಎಂದರೆ ಯಾವ ಎರಡು ವಿವರಣೆ ತೆರೆದು ಕೂರಬೇಕು ಎಂದು ತಕ್ಷಣ ತಿಳಿಯುತ್ತದೆ. ಕೋಷ್ಟಕದ ತಪ್ಪುಗಳು ಸಾಮಾನ್ಯವಾಗಿ ಒಂದೆರಡು ಜೋಡಿಗಳಲ್ಲೇ ಗುಂಪಾಗಿರುತ್ತವೆ.

ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ಉಪಾಯ ಹೇಳಲೇಬೇಕು. ವಿವರಣೆಗಳನ್ನೆಲ್ಲ ಅಳಿಸಿ, ಹೆಸರು ಮತ್ತು ಸ್ಕೀಮಾ ಮಾತ್ರ ಇಟ್ಟು, ಅದೇ ಟೆಸ್ಟ್ ಓಡಿಸಿ. ಅಂಕ ಅಷ್ಟೇ ಬಂದರೆ ನಿಮ್ಮ ವಿವರಣೆ ಆಯ್ಕೆಗೆ ಏನೂ ನೆರವಾಗುತ್ತಿಲ್ಲ, ಹೆಸರೇ ಕೆಲಸ ಮಾಡುತ್ತಿದೆ ಎಂದರ್ಥ. ಇಲ್ಲವೇ ನಿಮ್ಮ ಮಾತುಗಳು ತೀರಾ ಸುಲಭದವು. ಇದರ ಉಲ್ಟಾ ಕೂಡ ಮಾಡಬಹುದು. ಟೂಲ್‌ಗಳ ಹೆಸರನ್ನು ‘ಟೂಲ್ 1’, ‘ಟೂಲ್ 2’ ಎಂದು ಬದಲಿಸಿ, ವಿವರಣೆ ಹಾಗೇ ಇಡಿ. ಆಗ ವಿವರಣೆ ಒಂಟಿಯಾಗಿ ಎಷ್ಟು ಭಾರ ಹೊರುತ್ತದೆ ಎಂದು ಬಯಲಾಗುತ್ತದೆ. ಟೂಲ್‌ಗಳನ್ನು ಕೊಡುವ ಕ್ರಮವನ್ನೂ ಒಮ್ಮೆ ಕಲಸಿ ನೋಡಿ. ಕ್ರಮ ಬದಲಾದ ಕೂಡಲೇ ಆಯ್ಕೆ ಬದಲಾದರೆ ಆ ಜೋಡಿಯ ನಡುವಿನ ಗಡಿ ಇನ್ನೂ ಮಸುಕಾಗಿದೆ.

ಈ ದಾರಿ ಹಿಡಿಯದ ತಪ್ಪುಗಳೂ ಇವೆ. ಇದು ಮೊದಲ ಹೆಜ್ಜೆಯನ್ನು ಮಾತ್ರ ನೋಡುತ್ತದೆ. ಟೂಲ್ ಕೊಟ್ಟ ಉತ್ತರವನ್ನು ಮಾಡೆಲ್ ಹೇಗೆ ಓದುತ್ತದೆ, ದೋಷ ಬಂದರೆ ಏನು ಮಾಡುತ್ತದೆ, ಮೂರು ಟೂಲ್ ಸರಣಿಯಾಗಿ ಕರೆಯಬೇಕಾದಾಗ ದಾರಿ ತಪ್ಪುತ್ತದಾ, ಇವು ಇಲ್ಲಿ ಕಾಣುವುದಿಲ್ಲ.

ಇಡೀ ಕೆಲಸ ಮಾಡಿಸಿ ನೋಡುವುದು

ಅದಕ್ಕೆ ಬೇಕಾದದ್ದು ಕೊನೆಯ ದಾರಿ. ಒಂದು ಪ್ರಯೋಗದ ಡೇಟಾಬೇಸ್, ನಿಜವಾದ ಟೂಲ್‌ಗಳು, ಒಂದು ಕೆಲಸ. ಏಜೆಂಟ್ ಕೆಲಸ ಮುಗಿಸಿದ ಮೇಲೆ ಡೇಟಾಬೇಸ್ ಯಾವ ಸ್ಥಿತಿಯಲ್ಲಿರಬೇಕಿತ್ತೋ ಆ ಸ್ಥಿತಿಯಲ್ಲಿದೆಯಾ ಎಂದು ನೋಡುವುದು. ಯಾವ ಟೂಲ್ ಯಾವ ಕ್ರಮದಲ್ಲಿ ಕರೆಯಿತು ಎಂದು ಕಟ್ಟುನಿಟ್ಟಾಗಿ ಹೋಲಿಸಬೇಡಿ. ಒಂದೇ ಜಾಗಕ್ಕೆ ಎರಡು ಸರಿಯಾದ ದಾರಿಗಳಿರಬಹುದು.

ಸಿಯೆರಾ ಎಂಬ ಕಂಪನಿ 2024ರಲ್ಲಿ ಹೊರತಂದ ಟೌ-ಬೆಂಚ್ ಹೀಗೇ ಕೆಲಸ ಮಾಡುತ್ತದೆ. ಬಳಕೆದಾರರ ಪಾತ್ರವನ್ನು ಒಂದು ಮಾಡೆಲ್ ವಹಿಸುತ್ತದೆ. ಚಿಲ್ಲರೆ ಮಾರಾಟ ಮತ್ತು ವಿಮಾನ ಪ್ರಯಾಣ ಅದರ ಎರಡು ಕ್ಷೇತ್ರಗಳು. ಮಾತುಕತೆ ಮುಗಿದ ಮೇಲೆ ಡೇಟಾಬೇಸ್ ಸ್ಥಿತಿಯನ್ನು ಗುರಿಯ ಜೊತೆ ಹೋಲಿಸುತ್ತಾರೆ. ಅದರಲ್ಲಿ ಮೆಚ್ಚಬೇಕಾದದ್ದು ‘ಪಾಸ್ ಹ್ಯಾಟ್ ಕೆ’ ಎಂಬ ಅಳತೆ. ಒಂದೇ ಕೆಲಸವನ್ನು ಕೆ ಸಲ ಕೊಟ್ಟಾಗ ಎಲ್ಲ ಸಲವೂ ಸರಿಯಾಗಿ ಮಾಡುತ್ತದಾ ಎಂಬುದು ಅದರ ಪ್ರಶ್ನೆ. ಆಗಿನ ಜಿಪಿಟಿ-4ಓ ಅರ್ಧಕ್ಕಿಂತ ಕಡಿಮೆ ಕೆಲಸಗಳಲ್ಲಿ ಗೆದ್ದಿತ್ತು. ಚಿಲ್ಲರೆ ಕ್ಷೇತ್ರದಲ್ಲಿ 8 ಸಲವೂ ಸರಿಯಾದ ಪ್ರಮಾಣ ಶೇ. 25ಕ್ಕೂ ಕೆಳಗಿತ್ತು.

ಈ ಅಳತೆಯನ್ನು ನಿಮ್ಮ ಟೆಸ್ಟ್‌ಗೂ ತನ್ನಿ. ಒಂದು ಸಲಕ್ಕೆ ಶೇ. 90 ಎಂದರೆ ಚೆನ್ನಾಗಿದೆ ಅನ್ನಿಸುತ್ತದೆ. 8 ಸಲವೂ ಸರಿಯಾಗುವ ಸಾಧ್ಯತೆ ಲೆಕ್ಕ ಹಾಕಿದರೆ ಸುಮಾರು ಶೇ. 43. ಮಸುಕಾದ ವಿವರಣೆಯ ಗುರುತು ಹೆಚ್ಚಾಗಿ ಇದೇ. ಪ್ರತಿ ಸಲ ತಪ್ಪು ಮಾಡುವುದಿಲ್ಲ, ಆಗೊಮ್ಮೆ ಈಗೊಮ್ಮೆ ಮಾಡುತ್ತದೆ. ಒಂದೇ ಸಲ ಓಡಿಸಿ ಬಿಟ್ಟರೆ ಕೈಗೆ ಸಿಗುವುದೇ ಇಲ್ಲ.

ಇಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಟೂಲ್ ವಾಪಸ್ ಕೊಡುವ ದೋಷದ ಸಂದೇಶವೂ ವಿವರಣೆಯ ಭಾಗವೇ. ‘ದೋಷ 400’ ಎಂದು ಬಂದರೆ ಮಾಡೆಲ್ ಅದೇ ಕರೆಯನ್ನು ಮತ್ತೆ ಮತ್ತೆ ಮಾಡಬಹುದು. ‘ಈ ಆರ್ಡರ್ ರವಾನೆಯಾಗಿದೆ, ರದ್ದು ಮಾಡಲಾಗದು, ತಲುಪಿದ ಮೇಲೆ ವಾಪಸಾತಿ ಶುರು ಮಾಡಿ’ ಎಂದು ಬಂದರೆ ಮುಂದಿನ ದಾರಿ ಅದರಲ್ಲೇ ಇದೆ. ಎಷ್ಟೋ ಸಲ ವಿವರಣೆ ತಿದ್ದುವುದಕ್ಕಿಂತ ಈ ಒಂದು ಸಾಲು ತಿದ್ದುವುದರಿಂದ ಹೆಚ್ಚು ಲಾಭ.

ಈ ದಾರಿಯ ಕಷ್ಟ ಖರ್ಚು. ಪ್ರಯೋಗದ ಪರಿಸರ ಕಟ್ಟಬೇಕು, ಪ್ರತಿ ಓಟಕ್ಕೂ ಡೇಟಾಬೇಸನ್ನು ಮೊದಲಿನ ಸ್ಥಿತಿಗೆ ತರಬೇಕು, ಓಟಗಳು ನಿಧಾನ. ಸೋತಾಗ ತಪ್ಪು ವಿವರಣೆಯದ್ದಾ, ಪ್ರಾಂಪ್ಟ್‌ನದ್ದಾ (ಏಜೆಂಟ್‌ಗೆ ಕೊಟ್ಟ ಸೂಚನೆಯದ್ದಾ), ಮಾಡೆಲ್‌ನದ್ದಾ ಎಂದು ಬಿಡಿಸಲು ಪೂರ್ತಿ ದಾಖಲೆ ಓದಬೇಕು. ಓದಲು ಮನಸ್ಸಿಲ್ಲದಿದ್ದರೆ ಈ ದಾರಿಗೆ ಹಣ ಹಾಕಬೇಡಿ. ಸಂಖ್ಯೆಗಿಂತ ಆ ದಾಖಲೆಯಲ್ಲೇ ಹೆಚ್ಚು ವಿಷಯ ಇರುತ್ತದೆ.

ಲೀಡರ್‌ಬೋರ್ಡ್ ನೋಡಿದರೆ ಸಾಲದಾ?

ಸಾಲದು. ಬರ್ಕ್ಲಿಯ ಪಟ್ಟಿಯಾಗಲಿ, ಟೌ-ಬೆಂಚ್ ಆಗಲಿ, ವಿವರಣೆಗಳನ್ನು ಹಾಗೇ ಇಟ್ಟು ಮಾಡೆಲ್‌ಗಳನ್ನು ಹೋಲಿಸುತ್ತವೆ. ನಿಮಗೆ ಬೇಕಾದದ್ದು ಮಾಡೆಲನ್ನು ಹಾಗೇ ಇಟ್ಟು ವಿವರಣೆಗಳನ್ನು ಹೋಲಿಸುವುದು. ಯಾವ ಮಾಡೆಲ್ ಕೊಳ್ಳಬೇಕು ಎಂಬುದಕ್ಕೆ ಅವು ನೆರವಾಗುತ್ತವೆ. ನಿಮ್ಮ ‘ಆರ್ಡರ್ ಹುಡುಕು’ ಸರಿಯಾಗಿದೆಯಾ ಎಂಬುದಕ್ಕೆ ಅವುಗಳಲ್ಲಿ ಉತ್ತರ ಇಲ್ಲ. ಅವುಗಳ ವಿಧಾನವನ್ನು ಮಾತ್ರ ಧಾರಾಳವಾಗಿ ಎರವಲು ತನ್ನಿ.

ಹಾಗಾದರೆ ನಿಮಗೆ ಯಾವುದು?

ಐದಾರು ಟೂಲ್ ಇವೆ, ಎಲ್ಲ ಮಾಹಿತಿ ಓದುವಂಥವು, ಒಂದರ ಕೆಲಸ ಇನ್ನೊಂದಕ್ಕೆ ತಾಗುವುದಿಲ್ಲ. ಆಗ ಲಿಂಟರ್ ಮತ್ತು ಹೊರಗಿನ ಒಬ್ಬರು ಓದುವುದು ಸಾಕು. ಟೆಸ್ಟ್ ಕಟ್ಟುವ ಸಮಯವನ್ನು ದೋಷದ ಸಂದೇಶಗಳಿಗೆ ಕೊಡಿ.

ಟೂಲ್‌ಗಳು 20 ದಾಟಿದರೆ ಆಯ್ಕೆಯ ಟೆಸ್ಟ್ ಬಿಡುವ ಹಾಗಿಲ್ಲ. ಓಪನ್‌ಎಐ ಮಾರ್ಗದರ್ಶಿ ಒಂದು ಸಲಕ್ಕೆ 20ಕ್ಕಿಂತ ಕಡಿಮೆ ಫಂಕ್ಷನ್ ಇಡಿ ಎನ್ನುತ್ತದೆ. ಅದು ಬರೀ ಸಲಹೆ ಎಂದೂ ಅದೇ ಹೇಳುತ್ತದೆ. ನಿಜವಾದ ಮಿತಿ ಸಂಖ್ಯೆಗಿಂತ ಹೋಲಿಕೆಯಿಂದ ಬರುತ್ತದೆ. ಒಂದರಂತೆ ಒಂದಿಲ್ಲದ 40 ಟೂಲ್‌ಗಿಂತ ಒಂದೇ ರೀತಿಯ 8 ಟೂಲ್ ಹೆಚ್ಚು ಗೊಂದಲ ಮಾಡಬಲ್ಲವು.

ಟೂಲ್ ಏನನ್ನಾದರೂ ಬದಲಿಸುತ್ತದೆ, ಅಳಿಸುತ್ತದೆ, ಕಳಿಸುತ್ತದೆ, ಹಣ ಮುಟ್ಟುತ್ತದೆ ಎಂದರೆ ಆ ಟೂಲ್‌ಗಳಿಗೆ ಇಡೀ ಕೆಲಸದ ಪರೀಕ್ಷೆ ಮಾಡಿ, ಪ್ರತಿ ಕೆಲಸವನ್ನೂ ಹಲವು ಸಲ ಓಡಿಸಿ. ಉಳಿದ ಟೂಲ್‌ಗಳಿಗೆ ಅಷ್ಟು ಬೇಡ. ಜೊತೆಗೆ, ಇಂಥ ಟೂಲ್‌ನ ಸುರಕ್ಷತೆಯನ್ನು ವಿವರಣೆಯ ಮೇಲೇ ಬಿಡಬೇಡಿ. ‘ಒಪ್ಪಿಗೆ ಪಡೆದ ಮೇಲೆ ಮಾತ್ರ’ ಎಂದು ಬರೆಯುವುದು ಒಳ್ಳೆಯದು, ಒಪ್ಪಿಗೆ ಇಲ್ಲದೆ ಓಡದ ಹಾಗೆ ಕೋಡ್‌ನಲ್ಲಿ ತಡೆ ಹಾಕುವುದು ಅಗತ್ಯ.

ಬೇರೆಯವರು ಬರೆದ ಎಂಸಿಪಿ ಸರ್ವರ್ ಸೇರಿಸುತ್ತಿದ್ದೀರಾ? ಆಗ ಪ್ರಶ್ನೆಯೇ ಬೇರೆ. ವಿವರಣೆ ಚೆನ್ನಾಗಿದೆಯಾ ಎಂಬುದಕ್ಕಿಂತ ಮೊದಲು ಅದು ಪ್ರಾಮಾಣಿಕವಾಗಿದೆಯಾ ಎಂದು ನೋಡಬೇಕು. 2025ರ ಏಪ್ರಿಲ್‌ನಲ್ಲಿ ಇನ್‌ವೇರಿಯಂಟ್ ಲ್ಯಾಬ್ಸ್ ಎಂಬ ಎಐ ಭದ್ರತಾ ಕಂಪನಿಯವರು ಟೂಲ್ ವಿವರಣೆಯೊಳಗೆ ಮಾಡೆಲ್‌ಗೆ ಗುಟ್ಟಾದ ಆದೇಶ ಅಡಗಿಸಿಡಬಹುದು ಎಂದು ತೋರಿಸಿದರು. ಅದಕ್ಕೆ ಟೂಲ್ ಪಾಯ್ಸನಿಂಗ್ ಎಂದು ಹೆಸರಿಟ್ಟರು. 2025ರ ಮಾರ್ಚ್‌ನ ಎಂಸಿಪಿ ಆವೃತ್ತಿಯಲ್ಲಿ ಟೂಲ್‌ಗೆ ‘ಓದಲು ಮಾತ್ರ’, ‘ಹಾನಿ ಮಾಡಬಹುದು’ ಎಂಬಂಥ ಸೂಚನೆ ಹಚ್ಚುವ ಅವಕಾಶ ಬಂತು. ನಂಬಿಕೆಯ ಸರ್ವರ್‌ನಿಂದ ಬಾರದ ಸೂಚನೆಗಳನ್ನು ನಂಬಬಾರದು ಎಂದು ಪ್ರೋಟೋಕಾಲ್ ತಾನೇ ಹೇಳುತ್ತದೆ. ಇಲ್ಲಿ ಮನುಷ್ಯರ ಓದಿಗೆ ಬದಲಿ ಇಲ್ಲ. ಪ್ರತಿ ವಿವರಣೆಯನ್ನೂ ಪೂರ್ತಿ ಓದಿ. ‘ಬೇರೆ ಟೂಲ್ ಬಳಸುವ ಮೊದಲು ಯಾವಾಗಲೂ ಇದನ್ನು ಕರೆಯಿರಿ’ ಎಂಬ ಮಾತು ಕಂಡರೆ ಅಲ್ಲೇ ನಿಲ್ಲಿ. ಓದಿದ ಪಠ್ಯದ ನಕಲು ಇಟ್ಟುಕೊಂಡು, ಸರ್ವರ್ ಅದನ್ನು ಬದಲಿಸಿದರೆ ಎಚ್ಚರಿಕೆ ಬರುವ ಹಾಗೆ ಮಾಡಿ. ಆಮೇಲೆ ನಿಮ್ಮದೇ ಟೂಲ್‌ಗಳ ಜೊತೆ ಸೇರಿಸಿ ಆಯ್ಕೆಯ ಟೆಸ್ಟ್ ಮತ್ತೆ ಓಡಿಸಿ. ಹೊಸ ಸರ್ವರ್ ಬಂದ ಮೇಲೆ ನಿಮ್ಮ ಹಳೆಯ ಟೂಲ್‌ನ ವಿವರಣೆ, ಒಂದಕ್ಷರ ಬದಲಾಗದಿದ್ದರೂ, ಮಸುಕಾಗಿರಬಹುದು.

ಮಾಡೆಲ್ ಬದಲಿಸಿದಾಗಲೂ ಅದೇ. ಒಂದು ಮಾಡೆಲ್‌ಗೆ ತಿದ್ದಿ ತೀಡಿದ ವಿವರಣೆ ಇನ್ನೊಂದಕ್ಕೆ ಅಷ್ಟೇ ಚೆನ್ನಾಗಿ ಹೊಂದುತ್ತದೆ ಎಂಬ ಖಾತ್ರಿ ಇಲ್ಲ. ಆಯ್ಕೆಯ ಟೆಸ್ಟ್ ಒಮ್ಮೆ ಕಟ್ಟಿಟ್ಟರೆ ಇಂಥ ಸಮಯದಲ್ಲಿ ಅದರ ಶ್ರಮ ವಾಪಸ್ ಬರುತ್ತದೆ.

ಇನ್ನು ಒಂದು ಜೋಡಿಯ ವಿವರಣೆಯನ್ನು ಹಲವು ಬಾರಿ ತಿದ್ದಿದ ಮೇಲೂ ಕೋಷ್ಟಕದಲ್ಲಿ ಅದೇ ಗೊಂದಲ ಉಳಿದರೆ, ಬರೆಯುವುದನ್ನು ನಿಲ್ಲಿಸಿ ಟೂಲ್‌ಗಳ ಕಡೆ ನೋಡಿ. ‘ಆರ್ಡರ್ ಹುಡುಕು’ ಮತ್ತು ‘ಆರ್ಡರ್ ನೋಡು’ ಎರಡಾಗಿ ಇರಲೇಬೇಕಾ? ಎರಡನ್ನೂ ಸೇರಿಸಿ ಒಂದೇ ಟೂಲ್ ಮಾಡಿ. ಆರ್ಡರ್ ನಂಬರ್ ಕೊಟ್ಟರೆ ಅದರ ವಿವರ, ಬೇರೆ ಸುಳಿವು ಕೊಟ್ಟರೆ ಹೊಂದುವ ಆರ್ಡರ್‌ಗಳ ಪಟ್ಟಿ. ಅದೇ ಟೆಸ್ಟ್ ಮತ್ತೆ ಓಡಿಸಿ, ಮುಟ್ಟದೆ ಇಟ್ಟ ಭಾಗದ ಮೇಲೂ ಓಡಿಸಿ, ಆಮೇಲೆ ಬಿಡುಗಡೆ ಮಾಡಿ.